ನೆತ್ತಿಯ ಮೇಲಿನ ಕಾಂತ: ಆತಂಕಕ್ಕೆ ಮದ್ದು ಹುಡುಕಿದ ಕತೆ

1784ರ ಬೇಸಿಗೆ. ಪ್ಯಾರಿಸ್ ನಗರದ ಮಗ್ಗುಲಲ್ಲಿದ್ದ ಪಾಸಿ ಎಂಬ ಊರು. ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಮನೆಯ ತೋಟಕ್ಕೆ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕರೆತಂದರು. ಅಲ್ಲಿನ ಒಂದು ಏಪ್ರಿಕಾಟ್ ಮರಕ್ಕೆ ಡೆಸ್ಲಾನ್ ಎಂಬ ವೈದ್ಯರು ಮೊದಲೇ ‘ಕಾಂತಶಕ್ತಿ’ ತುಂಬಿದ್ದರು. ಆ ಮರ ಯಾವುದೆಂದು ಹುಡುಗನಿಗೆ ಗೊತ್ತಿಲ್ಲ. ಅವನು ಒಂದೊಂದೇ ಮರವನ್ನು ತಬ್ಬಿಕೊಳ್ಳುತ್ತ ಹೋದ. ಮೊದಲನೆಯದನ್ನು ತಬ್ಬಿದಾಗಲೇ ಬೆವರಿ ಕೆಮ್ಮಿದ. ಮುಂದಿನ ಮರಗಳಲ್ಲಿ ತಲೆಗೆ ಮಂಕು ಕವಿಯುತ್ತಿದೆ ಎಂದ. ನಾಲ್ಕನೆಯ ಮರದ ಬುಡದಲ್ಲಿ ಮೈಯೆಲ್ಲ ಸೆಟೆದು ಪ್ರಜ್ಞೆ ತಪ್ಪಿ ಬಿದ್ದ. ಕಾಂತ ತುಂಬಿದ್ದ ಮರ ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿತ್ತು. ಅದನ್ನು ಅವನು ಮುಟ್ಟಿಯೇ ಇರಲಿಲ್ಲ.

ಈ ಪರೀಕ್ಷೆಗೆ ಕಾರಣರಾದವರು ವಿಯೆನ್ನಾದಿಂದ 1778ರಲ್ಲಿ ಪ್ಯಾರಿಸ್‌ಗೆ ಬಂದಿದ್ದ ವೈದ್ಯ ಫ್ರಾಂಜ್ ಆಂಟನ್ ಮೆಸ್ಮರ್. ಎಲ್ಲ ಜೀವಿಗಳಲ್ಲೂ ಕಣ್ಣಿಗೆ ಕಾಣದ ಒಂದು ಕಾಂತದ್ರವ ಹರಿಯುತ್ತದೆ, ಅದು ತಡೆಗೊಂಡಾಗ ಕಾಯಿಲೆ ಬರುತ್ತದೆ ಎಂಬುದು ಅವರ ಸಿದ್ಧಾಂತ. ನರದೌರ್ಬಲ್ಯ, ಎದೆಬಡಿತ, ಕಾರಣವಿಲ್ಲದ ದಿಗಿಲು ಎಂದು ನರಳುತ್ತಿದ್ದವರು ಅವರ ಮನೆಗೆ ಸಾಲುಗಟ್ಟಿ ಬರುತ್ತಿದ್ದರು. ಮರದ ದೊಡ್ಡ ತೊಟ್ಟಿಯೊಂದರಿಂದ ಹೊರಚಾಚಿದ ಕಬ್ಬಿಣದ ಸರಳುಗಳನ್ನು ಮೈಗೆ ಒತ್ತಿಕೊಂಡು ಕೂರುತ್ತಿದ್ದರು. ಹಲವರಿಗೆ ನಿಜಕ್ಕೂ ಹಗುರೆನಿಸುತ್ತಿತ್ತು. ದೊರೆ ಹದಿನಾರನೆಯ ಲೂಯಿ ಇದರ ನಿಜಸ್ಥಿತಿ ತಿಳಿಯಲು ಆಯೋಗ ನೇಮಿಸಿದ. ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲಾವೊಸಿಯೆ, ಖಗೋಳಶಾಸ್ತ್ರಜ್ಞ ಬೈಯಿ, ವೈದ್ಯ ಗಿಲೊಟಿನ್ ಮುಂತಾದವರು ಅದರಲ್ಲಿದ್ದರು. ಮೆಸ್ಮರ್ ಪರೀಕ್ಷೆಗೆ ಒಡ್ಡಿಕೊಳ್ಳಲಿಲ್ಲ. ಅವರ ಶಿಷ್ಯ ಡೆಸ್ಲಾನ್ ಒಪ್ಪಿಕೊಂಡರು. ಆಯೋಗ ಕಂಡುಕೊಂಡದ್ದು ಇಷ್ಟು: ಕಾಂತ ಇಲ್ಲದಿದ್ದರೂ ಇದೆ ಎಂಬ ನಂಬಿಕೆಯೊಂದೇ ಮೈಯನ್ನು ನಡುಗಿಸಬಲ್ಲದು; ನಂಬಿಕೆ ಇಲ್ಲದ ಕಡೆ ಕಾಂತ ಏನನ್ನೂ ಮಾಡಲಿಲ್ಲ.

ಶಸ್ತ್ರಕ್ರಿಯೆಯಿಲ್ಲದೆ, ತಲೆಬುರುಡೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸಿ ಆತಂಕ ಕಳೆಯುವ ಇಂದಿನ ಸಂಶೋಧನೆಯ ಚರಿತ್ರೆಯನ್ನು ಈ ತೋಟದಿಂದ ಓದಬೇಕು ಎಂದು ನನಗೆ ಅನ್ನಿಸುತ್ತದೆ. ಮೆಸ್ಮರ್ ಅವರ ಕಾಂತಕ್ಕೂ ಇಂದಿನ ಕಾಂತಕ್ಕೂ ಸಂಬಂಧವಿಲ್ಲ. ಇಂದಿನದು ಅಳೆಯಬಹುದಾದ ಭೌತಶಕ್ತಿ. ಆದರೆ ರೋಗಿ ಅಂದಿನವನೇ. ಆತಂಕದಲ್ಲಿರುವವರ ಮಿದುಳು ಮುಂದೇನಾದೀತು ಎಂದು ಸದಾ ನಿರೀಕ್ಷಿಸುತ್ತಲೇ ಇರುತ್ತದೆ. ಕೇಡನ್ನು ನಿರೀಕ್ಷಿಸಿ ಬಳಲುವ ಅದೇ ಮಿದುಳು ಒಳ್ಳೆಯದಾಗುತ್ತದೆಂದು ನಿರೀಕ್ಷಿಸಿದಾಗ ಕೊಂಚ ಕಾಲ ಹಗುರಾಗುತ್ತದೆ. ಹಾಗಾಗಿ ಯಂತ್ರ ಮಾಡಿದ್ದೆಷ್ಟು, ನಂಬಿಕೆ ಮಾಡಿದ್ದೆಷ್ಟು ಎಂದು ಬೇರ್ಪಡಿಸುವುದೇ ಈ ಕ್ಷೇತ್ರದ ಕಷ್ಟದ ಕೆಲಸವಾಗಿ ಉಳಿದಿದೆ.

ಮೀನಿನಿಂದ ಬ್ಯಾಟರಿಯವರೆಗೆ

ವಿದ್ಯುತ್ತಿನಿಂದ ತಲೆಯ ಬೇನೆ ಕಳೆಯುವ ಆಸೆ ವಿದ್ಯುತ್ತೆಂದರೇನು ಎಂದು ತಿಳಿಯುವ ಮೊದಲೇ ಹುಟ್ಟಿತ್ತು. ಒಂದನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತೀರದ ತಲೆನೋವಿಗೆ ಟಾರ್ಪಿಡೊ ಎಂಬ, ಮುಟ್ಟಿದರೆ ಶಾಕ್ ಹೊಡೆಯುವ ಮೀನನ್ನು ಜೀವಂತವಾಗಿ ಹಣೆಯ ಮೇಲೆ ಇಡಬೇಕೆಂದು ಬರೆದಿಟ್ಟಿದ್ದರು.

1800ರಲ್ಲಿ ವೋಲ್ಟಾ ಬ್ಯಾಟರಿಯನ್ನು ಜಗತ್ತಿಗೆ ಪರಿಚಯಿಸಿದರು. ಮರುವರ್ಷವೇ ಇಟಲಿಯ ಬೊಲೊನ್ಯಾದಲ್ಲಿ ಜಿಯೊವಾನಿ ಆಲ್ದಿನಿ ಅದನ್ನು ಮನೋರೋಗಿಯೊಬ್ಬನ ತಲೆಗೆ ಜೋಡಿಸಿದರು. ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಕಂಡ ಗ್ಯಾಲ್ವಾನಿಯವರ ಸೋದರಳಿಯ ಇವರು. ರೋಗಿ ಲುಯಿಜಿ ಲಾಂಜರೀನಿ, 27 ವರ್ಷದ ರೈತ. ಗಾಢ ವಿಷಾದದಲ್ಲಿ ಮುಳುಗಿ ಆಸ್ಪತ್ರೆ ಸೇರಿದ್ದ. ಆಲ್ದಿನಿ ಮೊದಲು ತಮ್ಮದೇ ತಲೆಗೆ ವಿದ್ಯುತ್ ಹಾಯಿಸಿಕೊಂಡು ಹಲವು ದಿನ ನಿದ್ರೆಗೆಟ್ಟರು. ಬಳಿಕ ಲಾಂಜರೀನಿಗೆ ದಿನದಿನವೂ ಅಲ್ಪಪ್ರಮಾಣದಲ್ಲಿ ಕೊಡುತ್ತ ಬಂದರು. ಅವನು ಚೇತರಿಸಿಕೊಂಡು ಮನೆಗೆ ಹೋದನೆಂದು 1804ರ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ಅವನಿಗೆ ಗುಣವಾದದ್ದು ವಿದ್ಯುತ್ತಿನಿಂದಲೋ, ಒಬ್ಬರು ದಿನವೂ ಪಕ್ಕದಲ್ಲಿ ಕೂತು ಆರೈಕೆ ಮಾಡಿದ್ದರಿಂದಲೋ, ತಾನಾಗಿಯೋ? ಒಬ್ಬನೇ ರೋಗಿಯನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಮುಂದೆ ನೂರು ವರ್ಷ ಯುರೋಪಿನಾದ್ಯಂತ ‘ವಿದ್ಯುತ್ ಚಿಕಿತ್ಸೆ’ ನಡೆದರೂ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಕಡಿಮೆ.

ಮಿಣುಕಿದ ಬೆಳಕು

ಇನ್ನೊಂದು ದಾರಿ ತೆರೆದದ್ದು 1831ರ ಆಗಸ್ಟ್ 29ರಂದು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು ವಿಜ್ಞಾನಕ್ಕೆ ಬಂದ ಮೈಕೆಲ್ ಫ್ಯಾರಡೆ ಕಬ್ಬಿಣದ ಒಂದು ಬಳೆಗೆ ಎರಡು ಕಡೆ ತಂತಿ ಸುತ್ತಿದ್ದರು. ಒಂದು ಸುತ್ತಿಗೆ ಬ್ಯಾಟರಿ ಜೋಡಿಸಿದಾಗ ಇನ್ನೊಂದು ಸುತ್ತಿನ ಮಾಪಕದ ಮುಳ್ಳು ಅಲುಗಿತು. ಆದರೆ ಜೋಡಿಸುವ ಗಳಿಗೆ, ಕಳಚುವ ಗಳಿಗೆ ಮಾತ್ರ. ನಡುವೆ ಅದು ಸುಮ್ಮನಿತ್ತು. ಬದಲಾಗುತ್ತಿರುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬ ನಿಯಮ ಅಂದು ಸಿಕ್ಕಿತು. ಮಿದುಳೂ ಒಂದು ವಾಹಕವೇ.

ಇದನ್ನು ತಲೆಯ ಮೇಲೆ ಪರೀಕ್ಷಿಸಿದವರಲ್ಲಿ ಮೊದಲಿಗರು ಪ್ಯಾರಿಸ್ಸಿನ ಆರ್ಸೆನ್ ದಾರ್ಸೊನ್ವಾಲ್. 1896ರಲ್ಲಿ ಅವರು ದೊಡ್ಡ ತಂತಿಸುರುಳಿಯೊಳಗೆ ಮನುಷ್ಯರ ತಲೆಯನ್ನಿಟ್ಟು ಪರ್ಯಾಯ ವಿದ್ಯುತ್ ಹರಿಸಿದರು. ಕಣ್ಣಮುಂದೆ ಬೆಳಕು ಮಿಣುಕಿತು, ತಲೆ ಸುತ್ತಿತು ಎಂದು ಒಳಗಿದ್ದವರು ಹೇಳಿದರು. 1902ರಲ್ಲಿ ವಿಯೆನ್ನಾದ ಪೊಲ್ಲಾಚೆಕ್ ಮತ್ತು ಬೇರ್ ಎಂಬಿಬ್ಬರು ತಲೆಬುರುಡೆಯ ಮೇಲೆ ವಿದ್ಯುತ್ಕಾಂತವನ್ನಿಟ್ಟು ಖಿನ್ನತೆಯನ್ನೂ ನರಬೇನೆಗಳನ್ನೂ ಗುಣಪಡಿಸುವ ಸಾಧನಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. 1910ರಲ್ಲಿ ಲಂಡನ್ನಿನ ಭೌತವಿಜ್ಞಾನಿ ಸಿಲ್ವೇನಸ್ ಥಾಮ್ಸನ್ ಇನ್ನೂ ದೊಡ್ಡ ಸುರುಳಿಯೊಳಗೆ ತಲೆಯಿಟ್ಟು ಅದೇ ಮಿಣುಕು ಬೆಳಕನ್ನು ಕಂಡರು.

ಮರುವರ್ಷ, 1911ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ನೈಟ್ ಡನ್‌ಲಪ್ ಒಂದು ಅನುಮಾನ ಎತ್ತಿದರು. ಯಂತ್ರ ಚಾಲೂ ಆದಾಗ ಗುಂಯ್ ಎಂಬ ಸದ್ದು ಬರುತ್ತದೆ. ಆ ಸದ್ದು ಕೇಳಿಯೇ ಜನ ಬೆಳಕು ಕಂಡೆವೆಂದು ಭಾವಿಸುತ್ತಿಲ್ಲವಷ್ಟೇ? ಸದ್ದಿನಿಂದ ಸುಳಿವು ಸಿಗದ ಹಾಗೆ ಏರ್ಪಾಡು ಮಾಡಿ ಮತ್ತೆ ಪರೀಕ್ಷಿಸಿದರು. ಬೆಳಕು ಆಗಲೂ ಕಾಣಿಸಿತು, ಹಾಗಾಗಿ ಅದು ನಿಜವೇ ಆಗಿತ್ತು. ಆ ಮಿಣುಕು ಹುಟ್ಟುವುದು ಬಹುಪಾಲು ಮಿದುಳಿನಲ್ಲಲ್ಲ, ಕಣ್ಣಿನ ಅಕ್ಷಿಪಟಲದಲ್ಲಿ ಎಂಬುದು ಮುಂದೆ ಸ್ಪಷ್ಟವಾಯಿತು. ಮಿದುಳನ್ನೇ ತಲುಪಬೇಕಾದರೆ ಕಾಂತಕ್ಷೇತ್ರ ಇನ್ನೂ ಬಲವಾಗಿ, ಇನ್ನೂ ಚುರುಕಾಗಿ ಬದಲಾಗಬೇಕಿತ್ತು. ಅಂಥ ವಿದ್ಯುತ್ ಉಪಕರಣ ಆಗ ಇರಲಿಲ್ಲ. ದಾರಿ ಎಪ್ಪತ್ತು ವರ್ಷ ಪಾಳುಬಿತ್ತು.

ಆ ನಡುವೆ ಮಿದುಳಿಗೆ ವಿದ್ಯುತ್ ಹಾಯಿಸುವ ಇನ್ನೊಂದು ವಿಧಾನ ಬಂತು. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆತ್ತಿ ಮತ್ತು ಬಿನಿ ಆರಂಭಿಸಿದ ಇಸಿಟಿ, ಜನರ ಬಾಯಲ್ಲಿ ‘ಶಾಕ್ ಟ್ರೀಟ್‌ಮೆಂಟ್’. ಅದು ಬೇಕೆಂದೇ ಫಿಟ್ಸ್ ತರಿಸುವ ಚಿಕಿತ್ಸೆ. ತೀವ್ರ ಖಿನ್ನತೆಯಲ್ಲಿ ಇಂದಿಗೂ ಅದು ಜೀವ ಉಳಿಸುತ್ತದೆ. ನಾವು ಹಿಂಬಾಲಿಸುತ್ತಿರುವ ಕವಲು ಬೇರೆಯದು. ಇಲ್ಲಿ ಅರಿವಳಿಕೆಯಿಲ್ಲ, ಫಿಟ್ಸ್ ಇಲ್ಲ. ರೋಗಿ ಎಚ್ಚರವಾಗಿಯೇ ಕೂತಿರುತ್ತಾರೆ.

ಶೆಫೀಲ್ಡಿನಲ್ಲಿ ಅಲುಗಿದ ಕೈ

1980ರಲ್ಲಿ ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ನೆತ್ತಿಯ ಚರ್ಮದ ಮೇಲಿಂದಲೇ ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ಕ್ಷಣಮಾತ್ರ ಹಾಯಿಸಿ, ಎದುರು ಬದಿಯ ಕೈಯ ಸ್ನಾಯು ಕುಣಿಯುವಂತೆ ಮಾಡಿದರು. ತಲೆ ತೆರೆಯದೆ ಮಿದುಳನ್ನು ಮುಟ್ಟಬಹುದು ಎಂಬುದು ಸಾಬೀತಾಯಿತು. ಆದರೆ ಚರ್ಮ ಮತ್ತು ಮೂಳೆ ವಿದ್ಯುತ್ತನ್ನು ತಡೆಯುವುದರಿಂದ ಅಷ್ಟು ಜೋರಾಗಿ ಕೊಡಬೇಕಾಗುತ್ತಿತ್ತು. ಅದನ್ನು ಅನುಭವಿಸಿದವರಿಗೆ ತೀವ್ರವಾಗಿ ನೋಯುತ್ತಿತ್ತು.

ನೋವಿಲ್ಲದ ದಾರಿ ತೋರಿಸಿದವರು ಶೆಫೀಲ್ಡಿನ ಆಂಥೊನಿ ಬಾರ್ಕರ್, ರೆಜಾ ಜಲಿನೂಸ್ ಮತ್ತು ಇಯಾನ್ ಫ್ರೀಸ್ಟನ್. ಬಾರ್ಕರ್ ಆಸ್ಪತ್ರೆಯ ವೈದ್ಯಕೀಯ ಭೌತವಿಜ್ಞಾನ ವಿಭಾಗದವರು. ಹತ್ತು ವರ್ಷದ ಹಿಂದಿನಿಂದಲೇ ಕೈಕಾಲಿನ ನರಗಳನ್ನು ಕಾಂತದಿಂದ ಎಬ್ಬಿಸುವ ಕೆಲಸ ಹಿಡಿದಿದ್ದರು. ಅವರ ಯಂತ್ರದ ತತ್ವ ಸರಳ. ಕೆಪ್ಯಾಸಿಟರ್‌ಗಳಲ್ಲಿ ವಿದ್ಯುತ್ತನ್ನು ತುಂಬಿಸಿಟ್ಟು, ತಾಮ್ರದ ಸುರುಳಿಯೊಳಗೆ ಒಮ್ಮೆಲೇ ಬಿಡುವುದು. ಸಾವಿರಾರು ಆಂಪಿಯರ್ ವಿದ್ಯುತ್ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಅವಧಿಯಲ್ಲಿ ಹರಿದುಹೋಗುತ್ತದೆ. ಸುರುಳಿಯ ಸುತ್ತ ಸುಮಾರು ಎರಡು ಟೆಸ್ಲಾದ, ಅಂದರೆ ಎಂಆರ್‌ಐ ಯಂತ್ರದಷ್ಟು ಬಲದ ಕಾಂತಕ್ಷೇತ್ರ ಎದ್ದು ಅಡಗುತ್ತದೆ. ವಿದ್ಯುತ್ತಿಗೆ ಅಡ್ಡಬರುವ ತಲೆಬುರುಡೆ ಕಾಂತಕ್ಷೇತ್ರವನ್ನು ತಡೆಯುವುದೇ ಇಲ್ಲ. ಗಾಜಿನೊಳಗಿಂದ ಬೆಳಕು ಹಾಯುವಂತೆ ಅದು ಒಳಗೆ ಹಾಯುತ್ತದೆ. ಅಲ್ಲಿ ಫ್ಯಾರಡೆಯ ನಿಯಮದಂತೆ ಸಣ್ಣ ವಿದ್ಯುತ್ ಹುಟ್ಟಿ ನರಕೋಶಗಳು ಎಚ್ಚರಗೊಳ್ಳುತ್ತವೆ.

1985ರಲ್ಲಿ ಈ ಮೂವರು ಸುರುಳಿಯನ್ನು ನೆತ್ತಿಯ ಮೇಲಿಟ್ಟು ಗುಂಡಿ ಒತ್ತಿದರು. ಕೈ ತಾನಾಗಿ ಅಲುಗಿತು, ನೋವಾಗಲಿಲ್ಲ. ಆ ಮೇ ತಿಂಗಳಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ಪುಟ್ಟ ವರದಿ ಅಚ್ಚಾಯಿತು. ಇಂದು ಜಗತ್ತೆಲ್ಲ ಟಿಎಂಎಸ್ ಎಂದು ಕರೆಯುವ ವಿಧಾನ ಹುಟ್ಟಿದ್ದು ಹೀಗೆ. ಮಿದುಳಿನಿಂದ ಸ್ನಾಯುವಿಗೆ ಸಂದೇಶ ಎಷ್ಟು ಬೇಗ ತಲುಪುತ್ತದೆ ಎಂದು ಅಳೆದು ನರರೋಗ ಪತ್ತೆಮಾಡುವುದು ಅವರ ಉದ್ದೇಶವಾಗಿತ್ತು. ಮನೋರೋಗದ ಚಿಕಿತ್ಸೆ ಅವರ ಲೆಕ್ಕದಲ್ಲಿರಲಿಲ್ಲ. 1988ರಲ್ಲಿ ಜಪಾನಿನ ಶೋಗೊ ಉಎನೊ ಮತ್ತು ಸಂಗಡಿಗರು ಎರಡು ಸುರುಳಿಗಳನ್ನು ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ಜೋಡಿಸಿ, ಪ್ರಚೋದನೆಯನ್ನು ಚಿಕ್ಕ ಜಾಗಕ್ಕೆ ಗುರಿಯಿಡುವುದನ್ನು ಸಾಧ್ಯ ಮಾಡಿದರು.

ಕೈಬೆರಳಿನಿಂದ ಮನಸ್ಸಿಗೆ

ಪ್ರಯೋಗಕ್ಕೆಂದು ಬಂದ ಆರೋಗ್ಯವಂತರಲ್ಲಿ ಕೆಲವರು ಯಂತ್ರದಿಂದ ಎದ್ದಮೇಲೆ ಮನಸ್ಸು ಹಗುರಾಗಿದೆ ಎನ್ನುತ್ತಿದ್ದರು. 1990ರ ದಶಕದ ಆರಂಭದಲ್ಲಿ ಖಿನ್ನತೆಯ ರೋಗಿಗಳ ಮೇಲೆ ಸಣ್ಣ ಪ್ರಯತ್ನಗಳು ನಡೆದವು. 1995ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಾರ್ಕ್ ಜಾರ್ಜ್ ಅವರ ತಂಡ ಔಷಧಕ್ಕೆ ಬಗ್ಗದ ಆರು ರೋಗಿಗಳಿಗೆ ಹಣೆಯ ಎಡ ಮೇಲ್ಭಾಗದಲ್ಲಿ ದಿನವೂ ಪ್ರಚೋದನೆ ಕೊಟ್ಟಿತು. ಇಬ್ಬರಲ್ಲಿ ಗಮನಾರ್ಹ ಸುಧಾರಣೆ ಕಂಡಿತು. ಮರುವರ್ಷ ಸ್ಪೇನಿನಲ್ಲಿ ಅಲ್ವಾರೊ ಪಾಸ್ಕುವಲ್-ಲಿಯೋನೆ ಇನ್ನೂ ಹೆಚ್ಚು ರೋಗಿಗಳಲ್ಲಿ ಅದನ್ನೇ ತೋರಿಸಿದರು.

ಎಚ್ಚರಿಕೆಯ ಗಂಟೆಯೂ ಅದೇ ಕಾಲಕ್ಕೆ ಬಾರಿಸಿತು. ಪ್ರಚೋದನೆಯನ್ನು ವೇಗವಾಗಿ, ಜೋರಾಗಿ ಕೊಟ್ಟ ಕೆಲವು ಪ್ರಯೋಗಗಳಲ್ಲಿ ಆರೋಗ್ಯವಂತರಿಗೂ ಫಿಟ್ಸ್ ಬಂದಿತ್ತು. 1996ರಲ್ಲಿ ಸಂಶೋಧಕರು ಒಟ್ಟಿಗೆ ಕುಳಿತು, ಎಷ್ಟು ಬಲ, ಎಷ್ಟು ವೇಗ, ಎಷ್ಟು ಬಿಡುವು ಎಂಬ ಮಿತಿಗಳನ್ನು ಗೊತ್ತುಮಾಡಿದರು. 1998ರಲ್ಲಿ ಆ ಸೂಚನೆಗಳು ಪ್ರಕಟವಾದವು. ಆಮೇಲೆ ಫಿಟ್ಸ್ ಬಲು ಅಪರೂಪವಾಯಿತು.

ಚಿಕಿತ್ಸೆ ನಡೆಯುವ ಬಗೆ ಹೀಗೆ. ರೋಗಿ ಹಲ್ಲಿನ ಡಾಕ್ಟರ ಕುರ್ಚಿಯಂಥದರಲ್ಲಿ ಒರಗಿ ಕೂರುತ್ತಾರೆ, ಕಿವಿಗೆ ಬೆಂಡು ಇಟ್ಟುಕೊಳ್ಳುತ್ತಾರೆ. ತಂತ್ರಜ್ಞರು ಸುರುಳಿಯನ್ನು ನೆತ್ತಿಯ ಪಕ್ಕದಲ್ಲಿ ಬೆರಳಗಲ ಬೆರಳಗಲ ಸರಿಸುತ್ತ, ಎದುರು ಕೈಯ ಹೆಬ್ಬೆರಳು ಯಾವಾಗ ಅದುರುತ್ತದೆ ಎಂದು ಕಾಯುತ್ತಾರೆ. ಹತ್ತು ಸಲ ಗುಂಡಿ ಒತ್ತಿದರೆ ಐದು ಸಲವಾದರೂ ಬೆರಳು ಅದುರಿಸುವ ಅತಿ ಕಡಿಮೆ ಬಲವೇ ಆ ವ್ಯಕ್ತಿಯ ಮಟ್ಟ. ಒಬ್ಬೊಬ್ಬರದು ಒಂದೊಂದು. ಆ ಮಟ್ಟಕ್ಕೆ ತಕ್ಕಂತೆ ಬಲವನ್ನು ನಿಗದಿಪಡಿಸಿ, ಸುರುಳಿಯನ್ನು ಹಣೆಯ ಕಡೆಗೆ ಒಯ್ದು ಬಿಗಿಯುತ್ತಾರೆ. ಟಕ್ ಟಕ್ ಎಂಬ ಸದ್ದು, ನೆತ್ತಿಯನ್ನು ಬೆರಳಿಂದ ಕುಟ್ಟಿದ ಅನುಭವ. ಕೆಲವರಿಗೆ ತುಸು ತಲೆನೋವು. ಮುಗಿದಮೇಲೆ ಎದ್ದು ತಾವೇ ಮನೆಗೆ ನಡೆಯುತ್ತಾರೆ. ವಾರಕ್ಕೆ ಐದು ದಿನದಂತೆ ನಾಲ್ಕಾರು ವಾರ ಇದು ನಡೆಯುತ್ತದೆ.

ಈ ಸದ್ದು ಮತ್ತು ಕುಟ್ಟುವಿಕೆಯೇ ಸಂಶೋಧಕರಿಗೆ ತಲೆನೋವಾಯಿತು. ಔಷಧದ ಪರೀಕ್ಷೆಯಲ್ಲಿ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಇಲ್ಲಿ ಹೋಲಿಸುವುದು ಯಾವುದರ ಜೊತೆ? ಮೊದಮೊದಲು ಸುರುಳಿಯನ್ನು ತಲೆಯಿಂದ ಓರೆಯಾಗಿಸಿ ಹುಸಿ ಚಿಕಿತ್ಸೆ ಕೊಟ್ಟರು. ಅಷ್ಟು ಓರೆಯಾದರೂ ಮಿದುಳಿಗೆ ಒಂದಿಷ್ಟು ಪ್ರಚೋದನೆ ತಲುಪುತ್ತದೆ ಎಂದು ಗೊತ್ತಾಯಿತು. ಮುಂದೆ ಕಾಂತವನ್ನು ತಡೆದು ಸದ್ದನ್ನಷ್ಟೇ ಹೊರಡಿಸುವ ಸುರುಳಿಗಳು ಬಂದವು. ನೆತ್ತಿಯ ಮೇಲೆ ಸಣ್ಣ ವಿದ್ಯುತ್ ಪಟ್ಟಿಗಳನ್ನು ಅಂಟಿಸಿ ಕುಟ್ಟಿದ ಅನುಭವವನ್ನೂ ಹುಟ್ಟಿಸಿದರು. ರೋಗಿಗೂ, ಸುಧಾರಣೆ ಅಳೆಯುವ ವೈದ್ಯರಿಗೂ ಯಾವುದು ನಿಜ, ಯಾವುದು ಹುಸಿ ಎಂದು ತಿಳಿಯಬಾರದು. ಖಿನ್ನತೆಗೆ ಟಿಎಂಎಸ್ ಈ ಪರೀಕ್ಷೆಯಲ್ಲಿ ಗೆದ್ದಿತು. 301 ರೋಗಿಗಳ ಅಧ್ಯಯನವೊಂದರ ಬಳಿಕ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 190 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಸರ್ಕಾರಿ ನೆರವಿನ ಅಧ್ಯಯನದಲ್ಲಿ ನಿಜ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 14 ಮಂದಿ, ಹುಸಿ ಪಡೆದವರಲ್ಲಿ 5 ಮಂದಿ ಖಿನ್ನತೆಯಿಂದ ಹೊರಬಂದರು. ಅಂತರ ಚಿಕ್ಕದು, ಆದರೆ ನಂಬಬಹುದಾದದ್ದು.

ಆತಂಕದ ನೆಲೆ ಎಲ್ಲಿ?

ಆತಂಕಕ್ಕೆ ಗುರಿಯಿಡುವುದು ಖಿನ್ನತೆಗಿಂತ ಕಷ್ಟವಾಯಿತು. ಅಪಾಯ ಕಂಡಾಗ ಮೊದಲು ಎಚ್ಚರಿಸುವ ಅಮಿಗ್ಡಲ ಮಿದುಳಿನ ಆಳದಲ್ಲಿದೆ. ಎಂಟರಾಕಾರದ ಸುರುಳಿಯ ಪ್ರಭಾವವೋ ನೆತ್ತಿಯಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಕ್ಷೀಣಿಸುತ್ತದೆ. ಹಾಗಾಗಿ ಸಂಶೋಧಕರು ಸುತ್ತುದಾರಿ ಹಿಡಿದರು. ಹಣೆಯ ಹಿಂದಿರುವ ಮುಂಭಾಗದ ಮಿದುಳು ಅಮಿಗ್ಡಲದ ಗಾಬರಿಗೆ ಕಡಿವಾಣ ಹಾಕುತ್ತದೆ. ಅದನ್ನು ಹದಗೊಳಿಸಿದರೆ ಆಳದ ಗಾಬರಿಯೂ ತಗ್ಗಬಹುದು ಎಂಬುದು ತರ್ಕ. ಖಿನ್ನತೆಯಲ್ಲಿ ಎಡಭಾಗವನ್ನು ವೇಗದ ಮಿಡಿತದಿಂದ ಎಬ್ಬಿಸಿದರೆ, ಆತಂಕದಲ್ಲಿ ಬಲಭಾಗವನ್ನು ಸೆಕೆಂಡಿಗೊಂದು ಮಿಡಿತದಂತೆ ಕೊಟ್ಟು ತಣಿಸುವ ಪ್ರಯತ್ನ ಹೆಚ್ಚು ನಡೆಯಿತು.

2008ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಿಸ್ಟ್ರಿಟ್ಸ್ಕಿ ಅವರ ತಂಡ ಸದಾ ಚಿಂತೆಯಲ್ಲಿ ಬೇಯುವ ಸಾಮಾನ್ಯ ಆತಂಕ ರೋಗದ 10 ಮಂದಿಗೆ ಇದನ್ನು ಕೊಟ್ಟಿತು. ಮಿದುಳಿನ ಸ್ಕ್ಯಾನ್ ನೋಡಿ ಒಬ್ಬೊಬ್ಬರಿಗೂ ಜಾಗ ಗುರುತಿಸಿದ್ದರು. ಬಹುಪಾಲು ಜನರಿಗೆ ಹಗುರಾಯಿತು. ಆದರೆ ಹೋಲಿಕೆಗೆ ಹುಸಿ ಗುಂಪು ಇರಲಿಲ್ಲ. 2016ರಲ್ಲಿ ಡೀಫೆನ್‌ಬಾಕ್ ಮತ್ತು ಸಂಗಡಿಗರು 25 ಮಂದಿಯನ್ನು ಎರಡು ಗುಂಪು ಮಾಡಿ, ಹುಸಿ ಸುರುಳಿಯ ಎದುರು ಇಟ್ಟು ನೋಡಿದರು. ನಿಜ ಚಿಕಿತ್ಸೆ ಪಡೆದವರು ಮೂರು ತಿಂಗಳ ಬಳಿಕವೂ ಮುಂದಿದ್ದರು. ಹಠಾತ್ತನೆ ಎದೆ ಹೊಡೆದುಕೊಂಡು ಸತ್ತೇಹೋಗುತ್ತೇನೆ ಅನ್ನಿಸುವ ಪ್ಯಾನಿಕ್ ಕಾಯಿಲೆಯಲ್ಲಿ ಉತ್ತರ ಒಂದೇ ದಿಕ್ಕಿನಲ್ಲಿ ಬರಲಿಲ್ಲ. 2007ರಲ್ಲಿ ಪ್ರಾಗ್ ನಗರದ 15 ರೋಗಿಗಳಲ್ಲಿ ನಿಜಕ್ಕೂ ಹುಸಿಗೂ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ನ್ಯೂಯಾರ್ಕಿನಲ್ಲಿ ಮಾಂಟೊವಾನಿ ಅವರ 25 ರೋಗಿಗಳಲ್ಲಿ ಕಂಡಿತು.

ಸ್ಪಷ್ಟ ಗೆಲುವು ಬಂದದ್ದು ಗೀಳು ಕಾಯಿಲೆಯಲ್ಲಿ. ಕೈ ತೊಳೆದಷ್ಟೂ ಕೊಳೆ ಹೋಗಿಲ್ಲ ಅನ್ನಿಸುವುದು, ಬಾಗಿಲಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಇಪ್ಪತ್ತು ಸಲ ನೋಡಿ ಬರುವುದು ಇದರ ಲಕ್ಷಣ. ಬಹುಕಾಲ ಇದನ್ನು ಆತಂಕದ ಕಾಯಿಲೆಗಳ ಜೊತೆಗೇ ಇಟ್ಟಿದ್ದರು. 2013ರ ಅಮೆರಿಕನ್ ವರ್ಗೀಕರಣದಲ್ಲಿ ಬೇರೆ ಅಧ್ಯಾಯಕ್ಕೆ ಸರಿಸಿದರು. 1997ರಲ್ಲಿ ಗ್ರೀನ್‌ಬರ್ಗ್ ಅವರ ತಂಡ 12 ರೋಗಿಗಳಿಗೆ ಒಂದೇ ಸಲ ಬಲಭಾಗದ ಪ್ರಚೋದನೆ ಕೊಟ್ಟಾಗ ಗೀಳಿನ ಒತ್ತಡ ಎಂಟು ಗಂಟೆ ತಗ್ಗಿತ್ತು. 2001ರಲ್ಲಿ ಬಾರ್ಸಿಲೋನಾದ 18 ರೋಗಿಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಆಮೇಲೆ ಇಸ್ರೇಲಿನ ಅಬ್ರಹಾಂ ಝಾಂಗೆನ್ ಮತ್ತು ಯಿಫ್ತಾಕ್ ರಾಥ್ ಇನ್ನೂ ಆಳಕ್ಕೆ ತಲುಪುವ ‘ಎಚ್ ಸುರುಳಿ’ಯನ್ನು ವಿನ್ಯಾಸ ಮಾಡಿದರು. ಅದನ್ನು ಬಳಸಿ 11 ಕೇಂದ್ರಗಳಲ್ಲಿ 99 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು.

ಅದರಲ್ಲೊಂದು ಹೊಸತನವಿತ್ತು. ಯಂತ್ರ ಚಾಲೂ ಮಾಡುವ ಮುನ್ನ ರೋಗಿಯ ಗೀಳನ್ನು ಬೇಕೆಂದೇ ಕೆದಕುತ್ತಿದ್ದರು. ಕೊಳೆಯ ಭಯವಿದ್ದರೆ ಕೊಳೆಯೆನಿಸುವುದನ್ನು ಮುಟ್ಟಿಸುವುದು, ಬೀಗದ ಅನುಮಾನವಿದ್ದರೆ ಅದನ್ನೇ ನೆನಪಿಸುವುದು. ಆತಂಕ ಎದ್ದು ನಿಂತ ಹೊತ್ತಿನಲ್ಲೇ, ಆ ನರಜಾಲ ಕೆಲಸ ಮಾಡುತ್ತಿರುವಾಗಲೇ ಪ್ರಚೋದನೆ ಕೊಡುತ್ತಿದ್ದರು. ಆರು ವಾರದ ಕೊನೆಗೆ ನಿಜ ಗುಂಪಿನಲ್ಲಿ ನೂರಕ್ಕೆ 38 ಮಂದಿ, ಹುಸಿ ಗುಂಪಿನಲ್ಲಿ 11 ಮಂದಿ ಗಮನಾರ್ಹವಾಗಿ ಸುಧಾರಿಸಿದ್ದರು. 2018ರಲ್ಲಿ ಎಫ್‌ಡಿಎ ಗೀಳು ಕಾಯಿಲೆಗೆ ಇದನ್ನು ಒಪ್ಪಿತು. 2021ರಲ್ಲಿ ಖಿನ್ನತೆಯ ಜೊತೆಗಿರುವ ಆತಂಕಕ್ಕೂ ಒಪ್ಪಿಗೆ ಸಿಕ್ಕಿತು.

ಹುಸಿ ಗೆದ್ದ ದಿನ

ಅದೇ ವರ್ಷ, 2021ರಲ್ಲಿ, ಇನ್ನೊಂದು ಫಲಿತಾಂಶ ಹೊರಬಂತು. ಯುದ್ಧ, ಅಪಘಾತ, ಹಲ್ಲೆಗಳ ಆಘಾತದಿಂದ ಹೊರಬರಲಾಗದೆ ನರಳುವ ಪಿಟಿಎಸ್‌ಡಿ ರೋಗಿಗಳಿಗೂ ಇದೇ ತಂತ್ರ ಅನ್ವಯಿಸಿದ್ದರು. ಜೆರುಸಲೇಮಿನ ಇಸ್ಸರ್ಲೆಸ್ ಮತ್ತು ಸಂಗಡಿಗರ 2013ರ ಚಿಕ್ಕ ಅಧ್ಯಯನ ಆಶಾದಾಯಕವಾಗಿತ್ತು. ಆಘಾತದ ಘಟನೆಯನ್ನು ಕೆಲವು ನಿಮಿಷ ನೆನಪಿಗೆ ತರಿಸಿ, ತಕ್ಷಣ ಆಳದ ಪ್ರಚೋದನೆ ಕೊಡುವುದು ವಿಧಾನ. ಈ ಸಲ ಹಲವು ಕೇಂದ್ರಗಳಲ್ಲಿ 125 ಮಂದಿಯನ್ನು ಸೇರಿಸಿಕೊಂಡಿದ್ದರು. ಎರಡೂ ಗುಂಪು ಸುಧಾರಿಸಿದವು. ಆದರೆ ಹೆಚ್ಚು ಸುಧಾರಿಸಿದ್ದು ಹುಸಿ ಸುರುಳಿಯ ಗುಂಪು.

ಸಂಶೋಧಕರು ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಈ ಚರಿತ್ರೆಯಲ್ಲಿ ನನಗೆ ಅತಿ ಗೌರವ ಮೂಡಿಸುವ ಪುಟ ಇದು. ಎರಡೂ ಗುಂಪಿಗೆ ಸಮಾನವಾಗಿ ಸಿಕ್ಕಿದ್ದು ಆಘಾತವನ್ನು ಸುರಕ್ಷಿತ ಜಾಗದಲ್ಲಿ, ಜೊತೆಗೊಬ್ಬರಿರುವಾಗ, ಮತ್ತೆ ಮತ್ತೆ ನೆನೆಯುವ ಅವಕಾಶ. ಭಯದ ಎದುರು ನಿಲ್ಲುವ ಆ ಅಭ್ಯಾಸವೇ ಮದ್ದಾಗಿ ಕೆಲಸ ಮಾಡಿರಬಹುದು. ಆ ಜಾಗದ, ಆ ಹೊತ್ತಿನ ಪ್ರಚೋದನೆ ಅದಕ್ಕೆ ಅಡ್ಡಿಯನ್ನೇ ತಂದಿರಲೂಬಹುದು. ಹುಸಿ ಗುಂಪು ಇಲ್ಲದೆ ಈ ಅಧ್ಯಯನ ನಡೆದಿದ್ದರೆ ಎಲ್ಲರೂ ಸುಧಾರಿಸಿದರು ಎಂಬ ವರದಿ ಬರುತ್ತಿತ್ತು. ಸಾವಿರಾರು ಆಘಾತಪೀಡಿತರು ಅದನ್ನು ನಂಬಿ, ತಮಗೆ ನೆರವಾಗದ ಯಂತ್ರದ ಕೆಳಗೆ ಕೂರುತ್ತಿದ್ದರು.

ಯಾವ ಜಾಗ, ಯಾವ ವೇಗ, ಯಾವ ಹೊತ್ತು ಎಂಬುದೇ ಇಲ್ಲಿ ನಿರ್ಣಾಯಕ ಎಂದು ಬೇರೆ ಅಧ್ಯಯನಗಳೂ ಹೇಳುತ್ತವೆ. 2017ರಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಎತ್ತರಕ್ಕೆ ಹೆದರುವ 39 ಮಂದಿಗೆ ಮೊದಲು ಹಣೆಯ ನಡುಭಾಗದಲ್ಲಿ ಪ್ರಚೋದನೆ ಕೊಟ್ಟು, ಬಳಿಕ ವರ್ಚುವಲ್ ರಿಯಾಲಿಟಿಯ ಕನ್ನಡಕದೊಳಗೆ ಎತ್ತರದ ಜಾಗಗಳಿಗೆ ಹತ್ತಿಸಿದರು. ನಿಜ ಪ್ರಚೋದನೆ ಪಡೆದವರ ಭಯ ಹೆಚ್ಚು ತಗ್ಗಿತು. 2018ರಲ್ಲಿ ಅಮೆರಿಕದ ಸೇನೆಯಿಂದ ನಿವೃತ್ತರಾದ ಪಿಟಿಎಸ್‌ಡಿ ರೋಗಿಗಳಿಗೆ ಮಾತಿನ ಚಿಕಿತ್ಸೆಗೆ ಮುಂಚೆ ಟಿಎಂಎಸ್ ಕೊಟ್ಟಾಗಲೂ ಲಾಭ ಕಂಡಿತು. ಈ ಅಧ್ಯಯನಗಳಲ್ಲಿ ಯಂತ್ರ ಒಂಟಿಯಾಗಿ ನಿಂತಿಲ್ಲ. ಭಯವನ್ನು ಎದುರಿಸುವ ರೋಗಿಯ ಸ್ವಂತ ಪ್ರಯತ್ನಕ್ಕೆ ಅದು ಒತ್ತಾಸೆಯಾಗಿದೆ.

ಬೆಂಗಳೂರಿನ ಕೊಂಡಿ

ಕಾಂತದ ಜೊತೆಗೆ ಆಲ್ದಿನಿಯವರ ಬ್ಯಾಟರಿಯೂ ಮರಳಿ ಬಂತು. 2000ದಲ್ಲಿ ಜರ್ಮನಿಯ ಗೊಟ್ಟಿಂಗೆನ್ ನಗರದ ಮೈಕೆಲ್ ನಿಚೆ ಮತ್ತು ವಾಲ್ಟರ್ ಪೌಲುಸ್, ಉಪ್ಪುನೀರಿನಲ್ಲಿ ಅದ್ದಿದ ಎರಡು ಸ್ಪಂಜುಗಳ ಮೂಲಕ ಕೇವಲ ಒಂದು ಮಿಲಿಆಂಪಿಯರ್ ನೇರ ವಿದ್ಯುತ್ ಹಾಯಿಸಿ, ಮಿದುಳಿನ ಚುರುಕನ್ನು ಏರಿಸಬಹುದು, ಇಳಿಸಬಹುದು ಎಂದು ತೋರಿಸಿದರು. ಇದರ ಹೆಸರು ಟಿಡಿಸಿಎಸ್. ಇದು ನರಕೋಶವನ್ನು ಸಿಡಿಸುವುದಿಲ್ಲ. ಸಿಡಿಯುವ ಅದರ ಒಲವನ್ನು ತುಸು ಬದಲಿಸುತ್ತದೆ. ಯಂತ್ರ ಚಿಕ್ಕದು, ಅಗ್ಗದ್ದು. ಹಾಯಿಸಿದ ವಿದ್ಯುತ್ತಿನ ಬಹುಪಾಲು ಚರ್ಮದಲ್ಲೇ ಹರಿದುಹೋಗುತ್ತದೆ, ಒಳಗೆ ತಲುಪುವುದು ಅಲ್ಪ. ಹಾಗಾಗಿ ಇದರ ಪರಿಣಾಮವೆಷ್ಟು ಎಂಬ ಚರ್ಚೆ ಇನ್ನೂ ಜೋರಾಗಿದೆ.

ಈ ಚರ್ಚೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನದೂ ಒಂದು ದನಿ. ಗೀಳು ಕಾಯಿಲೆಗೆಂದೇ ವಿಶೇಷ ಕ್ಲಿನಿಕ್ ನಡೆಸುವ ಈ ಸಂಸ್ಥೆಯ ವೈದ್ಯರು, ಔಷಧಕ್ಕೆ ಬಗ್ಗದ 25 ರೋಗಿಗಳ ಮೇಲೆ ಟಿಡಿಸಿಎಸ್ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಲನೆಯನ್ನು ಯೋಜಿಸುವ, ತಡೆಹಿಡಿಯುವ ಮಿದುಳಿನ ಭಾಗಕ್ಕೆ ಗುರಿಯಿಟ್ಟಿದ್ದರು. ನಿಜ ಯಾವುದು, ಹುಸಿ ಯಾವುದು ಎಂದು ರೋಗಿಗಳಿಗೂ ಅಳೆಯುವವರಿಗೂ ತಿಳಿಯದ ಹಾಗೆ ನಡೆದ ಈ ಅಧ್ಯಯನದಲ್ಲಿ ನಿಜ ವಿದ್ಯುತ್ ಪಡೆದವರೇ ಮುಂದಿದ್ದರು. ಸಂಖ್ಯೆ ಚಿಕ್ಕದು, ಆದರೆ ನಮ್ಮೂರಿನ ಆಸ್ಪತ್ರೆಯೊಂದು ಅಷ್ಟೇ ಕಟ್ಟುನಿಟ್ಟಿನ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡದ್ದು ದೊಡ್ಡ ಸಂಗತಿ. 2017ರ ಅಂದಾಜಿನಂತೆ ಭಾರತದಲ್ಲಿ ಆತಂಕದ ಕಾಯಿಲೆಯಿಂದ ಬಳಲುತ್ತಿರುವವರು ಸುಮಾರು 4.49 ಕೋಟಿ. ಅಗ್ಗದ, ಸುಲಭವಾಗಿ ಒಯ್ಯಬಹುದಾದ ಸಾಧನ ನಿಜಕ್ಕೂ ಕೆಲಸ ಮಾಡುತ್ತದೆಂದು ಗಟ್ಟಿಯಾದರೆ ಲಾಭವಾಗುವುದು ಮುಖ್ಯವಾಗಿ ಇಂಥ ದೇಶಕ್ಕೆ.

ಇವತ್ತಿಗೆ ನಿಂತಿರುವ ಲೆಕ್ಕ ಹೀಗಿದೆ. ಖಿನ್ನತೆಗೆ ಮತ್ತು ಗೀಳು ಕಾಯಿಲೆಗೆ ಪುರಾವೆ ಗಟ್ಟಿಯಾಗಿದೆ. ಸಾಮಾನ್ಯ ಆತಂಕ ಮತ್ತು ಪ್ಯಾನಿಕ್‌ಗೆ ಆಶೆಯಿದೆ, ಆದರೆ ಇಪ್ಪತ್ತು ಮೂವತ್ತು ಜನರ ಅಧ್ಯಯನಗಳು ಸಾಲವು. ನೂರಾರು ಜನರ ಮೇಲೆ, ಒಳ್ಳೆಯ ಹುಸಿ ಸುರುಳಿಯ ಎದುರು ಪರೀಕ್ಷೆ ನಡೆಯಬೇಕು. ಆ ತನಕ ಬಹುಜನರಿಗೆ ನೆರವಾಗಿರುವ ಮಾತಿನ ಚಿಕಿತ್ಸೆ ಮತ್ತು ಔಷಧಗಳೇ ಮೊದಲ ದಾರಿ.

ನಡುರಾತ್ರಿ ಎದೆ ಹಿಡಿದುಕೊಂಡು ಏಳುವವರಿಗೆ, ಜನರೆದುರು ಬಾಯಿ ತೆರೆಯಲಾರದವರಿಗೆ ಯಾರಾದರೂ ಯಂತ್ರ ತೋರಿಸಿ ಗುಣವಾಗುತ್ತದೆ ಎಂದರೆ ನಂಬಬೇಕು ಅನ್ನಿಸುವುದು ಸಹಜ. ಅವರ ಆ ನಂಬಿಕೆಯನ್ನು ದುಡಿಸಿಕೊಳ್ಳುವುದು ಸುಲಭ. ಪ್ಯಾರಿಸ್ಸಿನಲ್ಲಿ ಅದು ಹಿಂದೆಯೇ ನಡೆದಿತ್ತು. ಆ ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುವುದು ಕಷ್ಟ. ಡನ್‌ಲಪ್ ಅವರಿಂದ ಹಿಡಿದು ತಮ್ಮ ಸೋಲನ್ನು ತಾವೇ ಪ್ರಕಟಿಸಿದ ಪಿಟಿಎಸ್‌ಡಿ ಸಂಶೋಧಕರವರೆಗೆ ಆ ಕಷ್ಟವನ್ನು ಹೊತ್ತವರಿದ್ದಾರೆ. ಹುಸಿ ಸುರುಳಿಯ ಕೆಳಗೆ ತಾವು ಕೂತಿರಬಹುದು ಎಂದು ಗೊತ್ತಿದ್ದೂ ಒಪ್ಪಿ ಸಹಿ ಮಾಡಿದ ರೋಗಿಗಳ ಪಾಲು ಅದರಲ್ಲಿ ಎಲ್ಲರಿಗಿಂತ ದೊಡ್ಡದು. ಈ ಚಿಕಿತ್ಸೆ ನಾಳೆ ಆತಂಕಿತರ ಕೈಗೆ ಭರವಸೆಯಾಗಿ ಸಿಕ್ಕರೆ, ಅದರ ಋಣ ಸಲ್ಲಬೇಕಾದದ್ದು ಅವರಿಗೆ.